ವಾಣಿಯಾರು: ಒಂದು ಸಣ್ಣ ಅಣೆಯ ಕೆಲಸ, ಕಾವಲು, ಸುತ್ತಾಟ

ಇಂಜಿನಿಯರ್: ವಾಣಿಯಾರು ಅಣೆ ಇರುವುದು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಪ್ಪಿರೆಡ್ಡಿಪಟ್ಟಿಯ ಬಳಿ, ಸೇರ್ವರಾಯನ್ ಬೆಟ್ಟಸಾಲಿನ ಬುಡದಲ್ಲಿ. ಬೆಟ್ಟದ ಮೇಲಿನ ಏರ್ಕಾಡು ಸೇಲಂ ಜಿಲ್ಲೆಯದು. ಮಳೆ ಬೀಳುವುದು ಒಂದು ಜಿಲ್ಲೆಯಲ್ಲಿ, ನೀರು ನಿಲ್ಲುವುದು ಇನ್ನೊಂದು ಜಿಲ್ಲೆಯಲ್ಲಿ. 1980ರ ದಶಕದಲ್ಲಿ ಕಟ್ಟಿದ ಈ ಅಣೆ ತುಂಬಿದಾಗ ನೀರಿನ ಮಟ್ಟ 65 ಅಡಿಗೆ ತುಸು ಹೆಚ್ಚು. ಹಿಡಿಯುವ ನೀರು 418 ದಶಲಕ್ಷ ಘನ ಅಡಿ, ಎಂದರೆ ಅರ್ಧ ಟಿಎಂಸಿಗೂ ಕಡಿಮೆ.

ಮೇಷ್ಟ್ರು: ಕಾವೇರಿಯ ಮೆಟ್ಟೂರು ಅಣೆ ಹಿಡಿಯುವುದು 93.47 ಟಿಎಂಸಿ. ಅದರ ಮುಂದೆ ಇದು ಇನ್ನೂರಿಪ್ಪತ್ತರಲ್ಲಿ ಒಂದು ಪಾಲೂ ಆಗುವುದಿಲ್ಲವಲ್ಲ ಸರ್. ಇಷ್ಟು ನೀರಿಗೆ ಒಂದು ಅಣೆ ಬೇಕಿತ್ತೇ?

ಇಂಜಿನಿಯರ್: ಬೇಕಿತ್ತು. ಧರ್ಮಪುರಿಯ ಬಯಲಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 850 ಮಿಲಿಮೀಟರ್. ಏರ್ಕಾಡಿನ ಮೇಲೆ ಸುಮಾರು 1,500. ಬೆಟ್ಟದ ಈ ಹೆಚ್ಚುವರಿ ಮಳೆ ಹಳ್ಳಗಳಲ್ಲಿ ಧುಮ್ಮಿಕ್ಕಿ ಇಳಿದು, ನಾಲ್ಕು ದಿನ ಹರಿದು, ಆಮೇಲೆ ಮರಳು ಮಾತ್ರ ಉಳಿಸಿ ಹೋಗಿಬಿಡುತ್ತದೆ. ವಾಣಿಯಾರು ವರ್ಷವಿಡೀ ಹರಿಯುವ ನದಿಯಲ್ಲ. ಮುಂಗಾರಿನಲ್ಲಿ ಸ್ವಲ್ಪ, ಹಿಂಗಾರಿನಲ್ಲಿ ಹೆಚ್ಚು ನೀರು ಬರುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಮೋಡಗಳೇ ಇದರ ಆಧಾರ. ಆ ಕೆಲವು ವಾರಗಳ ನೀರನ್ನು ಹಿಡಿದಿಟ್ಟುಕೊಂಡು ಮುಂದಿನ ತಿಂಗಳುಗಳಿಗೆ ಹಂಚುವುದು ಅಣೆಯ ಮೊದಲ ಕೆಲಸ. ಎಡದಂಡೆ, ಬಲದಂಡೆ ಎರಡೂ ಕಡೆ ಕಾಲುವೆಗಳಿವೆ. ವೆಂಕಟಸಮುದ್ರಂ, ಆಲಾಪುರಂ, ತೆನ್‌ಕರೈಕೋಟ್ಟೈ ಕಡೆಯ ಹೊಲಗಳೆಲ್ಲ ಸೇರಿ ಅಚ್ಚುಕಟ್ಟು ಸುಮಾರು 10,500 ಎಕರೆ.

ಮೇಷ್ಟ್ರು: ಆ ನೀರನ್ನು ಅಷ್ಟು ಎಕರೆಗೆ ಹರಡಿದರೆ ಎಷ್ಟು ನಿಲ್ಲುತ್ತದೆ?

ಇಂಜಿನಿಯರ್: ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಲ್ಲಿಸಲು 43,560 ಘನ ಅಡಿ ಬೇಕು. ಆ ಲೆಕ್ಕದಲ್ಲಿ ಅಣೆಯ ಪೂರ್ತಿ ನೀರನ್ನು ಇಡೀ ಅಚ್ಚುಕಟ್ಟಿಗೆ ಹಾಯಿಸಿದರೆ ನಿಲ್ಲುವುದು ಹನ್ನೊಂದು ಅಂಗುಲ. ಭತ್ತದ ಒಂದು ಬೆಳೆಗೆ ಇದರ ಮೂರು ನಾಲ್ಕು ಪಟ್ಟು ನೀರು ಬೇಕು. ಎಲ್ಲರೂ ಭತ್ತ ಹಾಕುತ್ತೇವೆಂದರೆ ಆಗುವ ಮಾತಲ್ಲ. ಅದಕ್ಕೇ ಇಲ್ಲಿ ಕಾಲುವೆಯ ನೀರು ಒಂದು ಆಸರೆ ಮಾತ್ರ. ಬೆಳೆಯನ್ನು ಕೊನೆಮುಟ್ಟಿಸುವುದು ಬಾವಿಯ ನೀರು. ಅರಿಸಿನ, ಕಬ್ಬು, ಮರಗೆಣಸು ಹಾಕುವ ರೈತ ಕಾಲುವೆ ಎಷ್ಟು ದಿನ ಹರಿಯಿತು ಎಂಬುದರ ಜೊತೆಗೆ, ಅದು ಹರಿದ ಮೇಲೆ ತನ್ನ ಬಾವಿಯಲ್ಲಿ ನೀರು ಎಷ್ಟು ಮೇಲೆ ಬಂತು ಎಂಬುದನ್ನೂ ನೋಡುತ್ತಾನೆ.

ಮೇಷ್ಟ್ರು: ಹಾಗಾದರೆ ಅಣೆಯ ದೊಡ್ಡ ಉಪಕಾರ ನೆಲದೊಳಗೇ ನಡೆಯುತ್ತದೆ ಎನ್ನಿ.

ಇಂಜಿನಿಯರ್: ಬಹುಪಾಲು ಹಾಗೆಯೇ. ಅಣೆಯಿಂದ ಬಿಟ್ಟ ನೀರನ್ನು ಕೆಳಗಿನ ಕೆರೆಗಳಿಗೆ ತುಂಬಿಸುತ್ತಾರೆ. ಕೆರೆ ತುಂಬಿದರೆ ಸುತ್ತಲಿನ ಬಾವಿ, ಕೊಳವೆಬಾವಿಗಳಲ್ಲಿ ಜೀವ ಬರುತ್ತದೆ. ಧರ್ಮಪುರಿಯಲ್ಲಿ ಇದಕ್ಕೆ ಇನ್ನೊಂದು ಬೆಲೆಯೂ ಇದೆ. ಈ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಬಾವಿ ಆಳಕ್ಕೆ ಹೋದಷ್ಟೂ, ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತು ಫ್ಲೋರೈಡ್ ಕರಗಿಸಿಕೊಂಡ ನೀರನ್ನು ಎತ್ತಬೇಕಾಗುತ್ತದೆ. ಹಲ್ಲಿನ ಮೇಲೆ ಕಂದು ಕಲೆ, ಮೂಳೆ ಬಾಗುವ ಕಾಯಿಲೆ, ಇವುಗಳಿಂದ ನೊಂದ ಊರುಗಳು ಈ ಭಾಗದಲ್ಲಿ ಎಷ್ಟೋ ಇವೆ. ಆ ಕಾರಣಕ್ಕೇ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು. 2013ರಲ್ಲಿ ಅದು ಚಾಲನೆಗೆ ಬಂದ ಮೇಲೆ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಕಾವೇರಿ ನೀರು ಸಿಕ್ಕಿತು. ಆದರೂ ಹೊಲದ ಬಾವಿಗೆ ಮೇಲಿನಿಂದ ಮಳೆನೀರು ಇಂಗಬೇಕು. ಸಣ್ಣ ಅಣೆಗಳು ಮಾಡುವುದು ಅದನ್ನೇ.

ಮೇಷ್ಟ್ರು: ಇಂಥವು ಧರ್ಮಪುರಿ, ಸೇಲಂ ಜಿಲ್ಲೆಗಳಲ್ಲಿ ಇನ್ನೂ ಇವೆಯಲ್ಲ?

ಇಂಜಿನಿಯರ್: ಇವೆ. ಅದೇ ಸೇರ್ವರಾಯನ್ ಬೆಟ್ಟದಿಂದ ಪಶ್ಚಿಮಕ್ಕೆ ಇಳಿಯುವ ತೊಪ್ಪೈಯಾರಿಗೆ ತೊಪ್ಪೂರಿನ ಹತ್ತಿರ ಒಂದು ಅಣೆ. ಅದರ ನೀರು ಧರ್ಮಪುರಿಗೂ ಸಲ್ಲುತ್ತದೆ, ಸೇಲಂ ಜಿಲ್ಲೆಯ ಹೊಲಗಳಿಗೂ ಸಲ್ಲುತ್ತದೆ. ತೊಪ್ಪೈಯಾರು ಕೊನೆಗೆ ಕಾವೇರಿಯನ್ನು ಸೇರಿದರೆ, ವಾಣಿಯಾರು ಹರೂರಿನ ಪಕ್ಕದಲ್ಲಿ ಹಾದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆಗೆ ಎರಡು ನದಿಗಳ ಹಾದಿ. ಪಾಲಕ್ಕೋಡಿನ ಕಡೆ ಪಂಚಪಳ್ಳಿಯ ಚಿನ್ನಾರು, ಕೇಸರಿಗುಳಿಹಳ್ಳ, ತುಂಬಲಹಳ್ಳಿ. ಪೆನ್ನಾಗರದ ಕಡೆ ನಾಗಾವತಿ. ಸೇಲಂ ಜಿಲ್ಲೆಯ ಪೂರ್ವದಲ್ಲಿ ಆನೈಮಡುವು, ಕರಿಯಕೋವಿಲ್. ಯಾವುದೂ ದೊಡ್ಡದಲ್ಲ. ಮೆಟ್ಟೂರಿನ ನೀರಿನ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಇವುಗಳ ಹೆಸರು ಅಚ್ಚಾಗುವುದು ಕೋಡಿ ಬಿದ್ದಾಗ, ಇಲ್ಲವೇ ಯಾರಾದರೂ ಮುಳುಗಿದಾಗ.

ಮೇಷ್ಟ್ರು: ಶಾಲೆಯ ಮಕ್ಕಳನ್ನು ಇಂಥ ಜಾಗಕ್ಕೆ ಪ್ರವಾಸ ಕರೆದೊಯ್ಯುವ ಮಾತು ಬಂದಾಗ ಪೋಷಕರು ಮೊದಲು ಕೇಳುವುದೂ ಅದನ್ನೇ. ಸಣ್ಣ ಅಣೆ ಅಂದರೆ ಅಪಾಯವೂ ಸಣ್ಣದು ಎಂದು ಹೇಳಬಹುದೇ?

ಇಂಜಿನಿಯರ್: ಹೇಳಬಾರದು. ಇದರಲ್ಲಿ ತಿಳಿದವರೂ ಎಡವುತ್ತಾರೆ. ಒಂದು ಲೆಕ್ಕ ನೋಡಿ. ಬೆಟ್ಟದ ಹಳ್ಳಗಳಿಂದ ಸೆಕೆಂಡಿಗೆ 5,000 ಘನ ಅಡಿ, ಎಂದರೆ 5,000 ಕ್ಯೂಸೆಕ್ಸ್ ನೀರು ಬರುತ್ತಿದೆ ಎಂದುಕೊಳ್ಳೋಣ. ಬರಿದಾದ ಮೆಟ್ಟೂರು ಆ ಒಳಹರಿವಿನಲ್ಲಿ ತುಂಬಲು ಏಳು ತಿಂಗಳ ಮೇಲೆ ಬೇಕು. ಬರಿದಾದ ವಾಣಿಯಾರು ಒಂದು ದಿನದೊಳಗೆ ತುಂಬುತ್ತದೆ. ಮುಕ್ಕಾಲು ತುಂಬಿದ್ದಾಗ ಆ ನೀರು ಬಂದರೆ ಉಳಿಯುವುದು ಐದಾರು ಗಂಟೆ. ಇನ್ನೊಂದು ವ್ಯತ್ಯಾಸ: ಮೆಟ್ಟೂರಿಗೆ ಪ್ರವಾಹ ಹೇಳಿ ಬರುತ್ತದೆ. ಕೃಷ್ಣರಾಜಸಾಗರ, ಕಬಿನಿಗಳಲ್ಲಿ ಗೇಟು ಎತ್ತಿದ ಸುದ್ದಿ ಮೊದಲೇ ಸಿಗುತ್ತದೆ. ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಬೆಟ್ಟದಿಂದ ನೇರವಾಗಿ ಇಳಿಯುವ ಹಳ್ಳಕ್ಕೆ ಮೇಲೆ ಇನ್ನೊಂದು ಅಣೆಯೂ ಇಲ್ಲ, ಅಂಥ ಮಾಪನ ಕೇಂದ್ರವೂ ಇಲ್ಲ. ಏರ್ಕಾಡಿನ ಮೇಲೆ ರಾತ್ರಿ ಸುರಿದ ಮಳೆ ಬೆಳಗಾಗುವಷ್ಟರಲ್ಲಿ ಕೋಡಿಯ ಮೇಲೆ ಇರುತ್ತದೆ.

ಮೇಷ್ಟ್ರು: ಹಾಗೆ ಆದ ಉದಾಹರಣೆ ಇದೆಯೇ?

ಇಂಜಿನಿಯರ್: ಹಿಂಗಾರಿನ ಚಂಡಮಾರುತಗಳು ಏನು ಮಾಡಬಲ್ಲವು ಎಂಬುದನ್ನು 2024ರ ಫೆಂಗಲ್ ತೋರಿಸಿತು. ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಹತ್ತಿ, ಒಳನಾಡಿಗೆ ನಿಧಾನವಾಗಿ ಸರಿದು, ಡಿಸೆಂಬರ್ 2ರ ಬೆಳಗಿನ ಹೊತ್ತಿಗೆ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆಯೊಂದರಲ್ಲೇ ಒಂದು ದಿನಕ್ಕೆ 50 ಸೆಂಟಿಮೀಟರ್ ಮಳೆ ಸುರಿಸಿತು. ವರ್ಷದ ಅರ್ಧಕ್ಕಿಂತ ಹೆಚ್ಚು ಮಳೆ ಒಂದೇ ದಿನ. ಹರೂರು, ಏರ್ಕಾಡು ಕೂಡ ಅದೇ ಮಳೆಯಲ್ಲಿ ನೆಂದವು. ಆ ನೀರೆಲ್ಲ ದಕ್ಷಿಣ ಪಿನಾಕಿನಿಗೆ ಇಳಿದು, ತಿರುವಣ್ಣಾಮಲೈ ಜಿಲ್ಲೆಯ ಸಾತನೂರು ಅಣೆಯಿಂದ ಸುಮಾರು 1.68 ಲಕ್ಷ ಕ್ಯೂಸೆಕ್ಸ್ ಹೊರಬಿಡಬೇಕಾಯಿತು. ಕೆಳಗಿನ ವಿಳುಪ್ಪುರಂ, ಕಡಲೂರು ಜಿಲ್ಲೆಗಳ ಊರುಗಳಿಗೆ ನೀರು ನುಗ್ಗಿತು. ಎಚ್ಚರಿಕೆ ಸಾಕಷ್ಟು ಮೊದಲೇ ಮುಟ್ಟಿತೇ ಎಂಬ ವಾದ ಆಮೇಲೂ ನಡೆಯಿತು. ಅಣೆ ಗಟ್ಟಿಯಾಗಿ ನಿಂತರೂ ಕೆಳಗಿನವರಿಗೆ ಅಪಾಯ ತಪ್ಪುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮೇಷ್ಟ್ರು: ಅಣೆಯೇ ಒಡೆಯುವುದು ಹೇಗೆ ಸರ್? ಮಣ್ಣಿನ ಏರಿ ಇಷ್ಟು ನೀರನ್ನು ತಡೆದು ನಿಲ್ಲುವುದೇ ಹಲವರಿಗೆ ಸೋಜಿಗ.

ಇಂಜಿನಿಯರ್: ಈ ಭಾಗದ ಸಣ್ಣ ಅಣೆಗಳ ಬಹುಪಾಲು ಉದ್ದ ಮಣ್ಣಿನ ಏರಿಯೇ. ನಡುವೆ ನೀರು ಹೋಗಲಾರದ ಜೇಡಿಮಣ್ಣಿನ ಗರ್ಭ, ಎರಡು ಬದಿಗೂ ಗಟ್ಟಿಮುಟ್ಟಾದ ಮಣ್ಣು, ನೀರಿನ ಕಡೆ ಅಲೆ ಕೊರೆಯದಂತೆ ಕಲ್ಲಿನ ಹಾಸು, ಹೊರಬದಿಗೆ ಹುಲ್ಲು, ಬುಡದಲ್ಲಿ ಒಸರಿದ ನೀರು ಹರಿದುಹೋಗಲು ಕಲ್ಲು ಮರಳಿನ ಬಸಿಗಾಲುವೆ. ಸರಿಯಾಗಿ ದಮ್ಮಸ್ಸು ಮಾಡಿದ ಮಣ್ಣಿನ ಏರಿ ನೂರಾರು ವರ್ಷ ನಿಲ್ಲುತ್ತದೆ; ನಮ್ಮ ಹಳೆಯ ಕೆರೆಗಳೇ ಇದಕ್ಕೆ ಸಾಕ್ಷಿ. ಅದಕ್ಕೆ ಮುಖ್ಯವಾಗಿ ಎರಡು ಶತ್ರುಗಳು. ಒಂದು, ನೀರು ಏರಿಯ ಮೇಲೆ ಹತ್ತಿ ಹರಿಯುವುದು. ಕಾಂಕ್ರೀಟು ಅದನ್ನು ತಡೆದುಕೊಂಡೀತು, ಮಣ್ಣು ಕೊಚ್ಚಿಹೋಗುತ್ತದೆ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು-2 ಅಣೆಯ ಮಣ್ಣಿನ ಏರಿ ಹೀಗೇ ಹೋಗಿ ಮೋರ್ಬಿ ಪಟ್ಟಣ ಮುಳುಗಿತು. ಸತ್ತವರು ಸಾವಿರಾರು ಮಂದಿ. ಇದನ್ನು ತಡೆಯುವುದು ಕೋಡಿ. ಬರಬಹುದಾದ ಅತಿ ದೊಡ್ಡ ಪ್ರವಾಹವನ್ನು ಸಾಗಿಸುವಷ್ಟು ಅಗಲ ಕೋಡಿಗೆ ಇರಬೇಕು, ಕೋಡಿಯ ಮುಂದಿನ ಹಳ್ಳ ಒತ್ತುವರಿಯಾಗದೆ ತೆರೆದಿರಬೇಕು.

ಮೇಷ್ಟ್ರು: ಎರಡನೆಯದು?

ಇಂಜಿನಿಯರ್: ಒಳಗಿನಿಂದ ಮಣ್ಣು ಕೊರೆದುಹೋಗುವುದು. ಎಲ್ಲ ಮಣ್ಣಿನ ಅಣೆಗಳಲ್ಲೂ ಸ್ವಲ್ಪ ನೀರು ಒಸರುತ್ತದೆ, ಅದು ದೋಷವಲ್ಲ. ಒಸರುವ ನೀರು ಯಾವ ಬಣ್ಣದ್ದು, ನಿನ್ನೆಗಿಂತ ಹೆಚ್ಚಿತೇ ಎಂಬುದೇ ಪ್ರಶ್ನೆ. ತಿಳಿನೀರು ಬಂದರೆ ನೀರು ಮಾತ್ರ ಬರುತ್ತಿದೆ. ಕದಡಿದ ನೀರು ಬಂದರೆ ಏರಿಯ ಮಣ್ಣೂ ಜೊತೆಗೆ ಬರುತ್ತಿದೆ, ಒಳಗೆ ಕೊಳವೆಯಂತೆ ದಾರಿ ಕೊರೆಯುತ್ತಿದೆ. ಇಲಿ, ಹೆಗ್ಗಣ, ಮುಳ್ಳುಹಂದಿಗಳ ಬಿಲ, ಏರಿಯ ಮೇಲೆ ಬೆಳೆದ ಮರ ಸತ್ತು ಬೇರು ಕೊಳೆತು ಉಳಿದ ಪೊಳ್ಳು, ತೂಬಿನ ಗೋಡೆಯ ಪಕ್ಕದ ಸಂದಿ, ಇಂಥವೇ ಅದರ ಮೊದಲ ದಾರಿ. ಅದಕ್ಕೇ ಏರಿಯ ಮೇಲೆ ಗಿಡ ನೆಡಬಾರದು, ಹುಲ್ಲು ಸಾಕು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಒಂದು ಸಣ್ಣ ಮಣ್ಣಿನ ಅಣೆ 2019ರ ಜುಲೈ 2ರ ರಾತ್ರಿ ಒಡೆದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅದು ಸೋರುತ್ತಿದೆ ಎಂದು ಊರಿನವರು ಮೊದಲೇ ದೂರಿದ್ದರು.

ಮೇಷ್ಟ್ರು: ಹಾಗಾದರೆ ಏರಿಯನ್ನು ದಿನಾ ನೋಡುವವರು ಬೇಕು.

ಇಂಜಿನಿಯರ್: ಬೇಕೇ ಬೇಕು, ಅದೂ ನಡೆದು ನೋಡುವವರು. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದ ಹಾಗೆ. ಏರಿಯ ನೆತ್ತಿಯ ಮೇಲೆ ಜೀಪಿನಲ್ಲಿ ಹೋಗಿಬಂದರೆ ಏನೂ ಕಾಣುವುದಿಲ್ಲ. ಹೊರಬದಿಯ ಬುಡದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಬೇಸಿಗೆಯಲ್ಲಿ ಸುತ್ತಲಿನ ಹುಲ್ಲು ಒಣಗಿದ್ದಾಗ ಒಂದು ಕಡೆ ಮಾತ್ರ ಹಸಿರು ಉಳಿದಿದ್ದರೆ ಅಲ್ಲಿ ಕೂತು ನೋಡಬೇಕು, ಕೈ ಹಾಕಿ ಒದ್ದೆಯೇ ಎಂದು ಮುಟ್ಟಬೇಕು. ನೆತ್ತಿಯ ಮೇಲೆ ಉದ್ದಕ್ಕೆ ಸಾಗಿದ ಬಿರುಕು, ಇಳಿಜಾರಿನಲ್ಲಿ ಕುಸಿದ ತಗ್ಗು, ಜಾರಿದ ಹಾಸುಗಲ್ಲು, ಎಲ್ಲವನ್ನೂ ಬರೆದಿಡಬೇಕು. ಒಸರುವ ನೀರನ್ನೆಲ್ಲ ಒಂದು ಸಣ್ಣ ಕಾಲುವೆಗೆ ತಿರುಗಿಸಿ, ತ್ರಿಕೋನದ ಕಚ್ಚು ಇರುವ ತಗಡನ್ನು ಅಡ್ಡ ನಿಲ್ಲಿಸುತ್ತಾರೆ. ಕಚ್ಚಿನ ಮೇಲೆ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಎಂದು ಅಳೆದರೆ ದಿನದ ಒಸರು ಗೊತ್ತಾಗುತ್ತದೆ. ಅಣೆಯಲ್ಲಿ ನೀರಿನ ಮಟ್ಟ ಏರದೆಯೇ ಒಸರು ಏರಿದರೆ ಆ ದಿನವೇ ಮೇಲಿನವರಿಗೆ ಹೇಳಬೇಕು, ನಾಳೆಗೆ ಬಿಡಬಾರದು. ದುಬಾರಿ ಉಪಕರಣ ಬರುವವರೆಗೆ ಕಾಯಬೇಕಾದ ಕೆಲಸ ಇದಲ್ಲ.

ಮೇಷ್ಟ್ರು: ಗೇಟುಗಳ ಕತೆ? ತುಂಗಭದ್ರೆಯಲ್ಲಿ ಗೇಟು ಕೊಚ್ಚಿಹೋಗಿದ್ದನ್ನು ಎಲ್ಲರೂ ನೋಡಿದ್ದಾರೆ.

ಇಂಜಿನಿಯರ್: 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ತುಂಗಭದ್ರಾ ಅಣೆಯ 19ನೇ ಕ್ರೆಸ್ಟ್ ಗೇಟು ಹೋಯಿತು. ಒಂದು ವಾರದಲ್ಲಿ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಿದರು. ಅದು ನಿಜಕ್ಕೂ ದೊಡ್ಡ ಕೆಲಸ. ಇದಕ್ಕೂ ಮೊದಲು, 2017ರ ನವೆಂಬರ್ ಕೊನೆಯಲ್ಲಿ, ಧರ್ಮಪುರಿಯ ಪಕ್ಕದ ಕೃಷ್ಣಗಿರಿ ಅಣೆಯ ಒಂದು ಗೇಟು ಮುರಿದಿತ್ತು. 1957ರಲ್ಲಿ ಆರಂಭವಾದ ಅಣೆ ಅದು. ಅಲ್ಲಿ ದುರಸ್ತಿಗಾಗಿ ಕೂಡಿಟ್ಟ ನೀರನ್ನು ಹರಿಯಬಿಡಬೇಕಾಯಿತು. ಮಣ್ಣಿನ ಏರಿ ಎಷ್ಟೇ ಭದ್ರವಾಗಿದ್ದರೂ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಗೇಟನ್ನು ಎತ್ತಿ ಇಳಿಸಿ ನೋಡಬೇಕು, ಹಗ್ಗ ಸರಪಳಿಗಳಿಗೆ ಗ್ರೀಸ್ ಹಚ್ಚಬೇಕು, ಕರೆಂಟು ಹೋದರೆ ಕೈಯಿಂದ ತಿರುಗಿಸಲು ಆಗುತ್ತದೆಯೇ ಎಂದು ಪರೀಕ್ಷಿಸಬೇಕು. ಮಳೆ ಜೋರಾದ ರಾತ್ರಿ ಕರೆಂಟು ಇರುತ್ತದೆಂದು ನೆಚ್ಚಿಕೊಳ್ಳುವ ಹಾಗಿಲ್ಲ.

ಮೇಷ್ಟ್ರು: ಇದನ್ನೆಲ್ಲ ಮಾಡಲೇಬೇಕೆಂದು ಕಾನೂನಿನಲ್ಲಿದೆಯೇ?

ಇಂಜಿನಿಯರ್: ಇದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರಿಗಿಂತ ಎತ್ತರದ ಎಲ್ಲ ಅಣೆಗಳೂ, 10ರಿಂದ 15 ಮೀಟರಿನವುಗಳಲ್ಲಿ ಕೆಲವು ಷರತ್ತಿಗೆ ಒಳಪಟ್ಟವೂ ಅದರ ವ್ಯಾಪ್ತಿಗೆ ಬರುತ್ತವೆ. ವಾಣಿಯಾರಿನ ನೀರಿನ ಮಟ್ಟವೇ 65 ಅಡಿ, ಎಂದರೆ ಸುಮಾರು 20 ಮೀಟರ್. ಹೀಗಾಗಿ ಕಾಯ್ದೆಯ ಕಣ್ಣಿಗೆ ಇದು ಸಣ್ಣದಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತಪಾಸಣೆ ಆಗಬೇಕು. ತುರ್ತು ಕಾರ್ಯಯೋಜನೆ ತಯಾರಿರಬೇಕು: ಅಣೆಗೆ ಏನಾದರೂ ಆದರೆ ಯಾವ ಊರಿಗೆ ಎಷ್ಟು ಹೊತ್ತಿನಲ್ಲಿ ನೀರು ಮುಟ್ಟುತ್ತದೆ, ಯಾರು ಯಾರಿಗೆ ಫೋನು ಮಾಡಬೇಕು, ಜನ ಎಲ್ಲಿಗೆ ಹೋಗಬೇಕು. ದೇಶಕ್ಕೊಂದು ರಾಷ್ಟ್ರೀಯ ಪ್ರಾಧಿಕಾರ, ರಾಜ್ಯಕ್ಕೊಂದು ಸುರಕ್ಷತಾ ಸಂಸ್ಥೆ. ವಿಶ್ವಬ್ಯಾಂಕಿನ ನೆರವಿನ ಅಣೆಗಳ ಪುನಶ್ಚೇತನ ಯೋಜನೆಯಲ್ಲಿ ತಮಿಳುನಾಡು, ಕರ್ನಾಟಕ ಎರಡೂ ಇವೆ. ಕಾಗದದ ಮೇಲೆ ಕೊರತೆಯಿಲ್ಲ ಮೇಷ್ಟ್ರೇ. ತುರ್ತು ಕಾರ್ಯಯೋಜನೆಯ ಪ್ರತಿ ಕೆಳಗಿನ ಊರಿನ ಪಂಚಾಯಿತಿಯ ಗೋಡೆಯ ಮೇಲೆ, ಜನರು ಓದುವ ಭಾಷೆಯಲ್ಲಿ ಇರಬೇಕು. ಕಚೇರಿಯ ಬೀರುವಿನಲ್ಲಿದ್ದರೆ ಅದರಿಂದ ಯಾರ ಜೀವವೂ ಉಳಿಯುವುದಿಲ್ಲ.

ಮೇಷ್ಟ್ರು: ಇನ್ನು ಸುತ್ತಾಟದ ಮಾತು. ಮಕ್ಕಳಿಗೆ ಅಲ್ಲಿ ನೋಡಲು ಏನಿದೆ?

ಇಂಜಿನಿಯರ್: ಬೇಕಾದಷ್ಟಿದೆ. ಹಿಂಗಾರು ಮುಗಿದ ಮೇಲೆ, ಜನವರಿಯ ಸುಮಾರಿಗೆ, ನೀರು ತುಂಬಿ ಬೆಟ್ಟ ಹಸಿರಾಗಿರುವ ಹೊತ್ತು ಚೆನ್ನ. ನೀರುಕಾಗೆ, ಬೆಳ್ಳಕ್ಕಿ ನೋಡಬಹುದು. ಅಣೆಯನ್ನು ನೋಡಿದ ಮಕ್ಕಳಿಗೆ ಆ ನೀರು ಎಲ್ಲಿಂದ ಬಂತೆಂದು ತೋರಿಸಲು ಇನ್ನೊಂದು ದಿನ ಏರ್ಕಾಡಿಗೆ ಕರೆದೊಯ್ಯಬೇಕು. ಸೇಲಂನಿಂದ ಇಪ್ಪತ್ತು ಕಡಿದಾದ ತಿರುವುಗಳ ಘಾಟಿ ಹತ್ತಿದರೆ ಸುಮಾರು 5,000 ಅಡಿ ಎತ್ತರದ ಊರು. 1820ರ ಸುಮಾರಿಗೆ ಸೇಲಂ ಕಲೆಕ್ಟರ್ ಆಗಿದ್ದ ಕಾಕ್‌ಬರ್ನ್ ತಂದು ನೆಟ್ಟ ಕಾಫಿ ಇಂದು ಬೆಟ್ಟವೆಲ್ಲ ಹಬ್ಬಿದೆ. ದೋಣಿ ವಿಹಾರದ ಕೆರೆ, ಕಿಳಿಯೂರು ಜಲಪಾತ, ಭಾರತೀಯ ಸಸ್ಯಶಾಸ್ತ್ರ ಸರ್ವೇಕ್ಷಣೆಯ ಆರ್ಕಿಡ್ ವನ, ನೆತ್ತಿಯ ಸೇರ್ವರಾಯನ್ ಗುಡಿ. ಹರೂರಿನ ಕಡೆ ಹೋದರೆ ತೀರ್ಥಮಲೈ ಬೆಟ್ಟದ ಗುಡಿ. ಇನ್ನೂ ದೂರ ಹೋಗುವುದಾದರೆ ಪೆನ್ನಾಗರದಾಚೆ ಹೊಗೇನಕಲ್. ಅಲ್ಲಿಯ ಹರಿಗೋಲು, ಎಣ್ಣೆ ತಿಕ್ಕಿಸಿಕೊಂಡು ಮಾಡುವ ಸ್ನಾನ, ಹುರಿದ ಮೀನು, ಎಲ್ಲ ಹೆಸರಾದವು.

ಮೇಷ್ಟ್ರು: ನೀರಿಗೆ ಇಳಿಯಬಹುದೇ?

ಇಂಜಿನಿಯರ್: ಅಣೆಯ ಒಡಲಿಗೆ ಬೇಡವೇ ಬೇಡ. ಮೇಲಿನಿಂದ ನೋಡಿದರೆ ದಡ ಸಮತಟ್ಟಾಗಿ ಕಾಣುತ್ತದೆ, ಒಳಗೆ ಹೂಳು. ಕಾಲಿಟ್ಟರೆ ಮೊಣಕಾಲವರೆಗೆ ಹುಗಿಯುತ್ತದೆ, ಎಳೆದಷ್ಟೂ ಬಿಗಿಯುತ್ತದೆ. ಒಂದು ಹೆಜ್ಜೆ ಆಚೆಗೆ ಹಳೆಯ ಹಳ್ಳದ ಪಾತ್ರ ಇದ್ದರೆ ಒಮ್ಮೆಗೇ ಇಪ್ಪತ್ತು ಅಡಿ. ತೂಬಿನ ಬಾಯಿಯ ಹತ್ತಿರ ಮೇಲ್ಮೈ ಶಾಂತವಾಗಿದ್ದರೂ ಕೆಳಗೆ ಸೆಳೆತವಿರುತ್ತದೆ. ಕೋಡಿಯ ಕೆಳಗಿನ ಗುಂಡಿಯಲ್ಲಿ ಸುಳಿ. ಹಾಸುಗಲ್ಲಿನ ಮೇಲೆ ಪಾಚಿ ಇದ್ದರೆ ಈಜು ಬಲ್ಲವನೂ ಮೇಲೆ ಹತ್ತಲಾರ. ಈಜು ಬಾರದ ಗೆಳೆಯನನ್ನು ಎಳೆಯಲು ಹೋಗಿ ಇಬ್ಬರು ಮೂವರು ಒಟ್ಟಿಗೆ ಹೋದ ಸುದ್ದಿಗಳು ಪ್ರತಿ ಬೇಸಿಗೆ ರಜೆಯಲ್ಲೂ ಬರುತ್ತವೆ. ಅಂಥ ಹೊತ್ತಿನಲ್ಲಿ ನೀರಿಗೆ ಹಾರಬಾರದು. ಹಗ್ಗ, ಪಂಚೆ, ಸೀರೆ, ಉದ್ದನೆಯ ಕೋಲು, ಮುಚ್ಚಳ ಹಾಕಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆದು ದಡದಿಂದ ಎಳೆಯಬೇಕು. ಆಗಸ್ಟ್ ಆರಂಭದಲ್ಲಿ ಬರುವ ಆಡಿ ಹದಿನೆಂಟರ ಹಬ್ಬಕ್ಕೆ ಮೆಟ್ಟೂರು, ಹೊಗೇನಕಲ್‌ಗಳಲ್ಲಿ ಸಾವಿರಾರು ಕುಟುಂಬಗಳು ಕಾವೇರಿ ಸ್ನಾನಕ್ಕೆ ಬರುತ್ತವೆ. ಮೆಟ್ಟೂರಿನ ಅಣೈಕಟ್ಟು ಮುನಿಯಪ್ಪನ್ ಗುಡಿಗೆ ಹರಕೆ ತೀರಿಸಿ, ಅಲ್ಲೇ ಅಡುಗೆ ಮಾಡಿ ಉಂಡು ಹೋಗುವುದು ವಾಡಿಕೆ. ಅಲ್ಲೆಲ್ಲ ಗೊತ್ತುಮಾಡಿದ ಸ್ನಾನಘಟ್ಟದಲ್ಲೇ ಮೀಯಬೇಕು. ಹೊಗೇನಕಲ್‌ನಲ್ಲಿ ಒಳಹರಿವು ಏರಿದ ದಿನ ಹರಿಗೋಲಿಗೂ ಸ್ನಾನಕ್ಕೂ ಜಿಲ್ಲಾಡಳಿತ ನಿಷೇಧ ಹಾಕುತ್ತದೆ. ದೂರದಿಂದ ಬಂದಿದ್ದೇವೆ ಎಂದು ದಬಾಯಿಸಿದರೆ ನದಿ ಕೇಳುವುದಿಲ್ಲ.

ಮೇಷ್ಟ್ರು: ಅಣೆಗೆ ಬಂದವರಿಂದ ಅಣೆಗೇ ತೊಂದರೆ ಆಗುವುದುಂಟೇ?

ಇಂಜಿನಿಯರ್: ಉಂಟು. ಹಾಸುಗಲ್ಲು ಕಿತ್ತು ಒಲೆ ಹೂಡುವುದು, ಏರಿಯ ಇಳಿಜಾರಿನಲ್ಲಿ ಬೈಕು ಹತ್ತಿಸುವುದು, ಬಾಟಲಿ ಒಡೆಯುವುದು, ಪ್ಲಾಸ್ಟಿಕ್ಕು ಎಸೆದು ತೂಬಿನ ಜಾಲರಿ ಕಟ್ಟಿಸುವುದು. ಮೀನಿಗೆ ತೋಟೆ ಸಿಡಿಸುವುದಂತೂ ಅಪರಾಧ. ಅಳತೆಗಲ್ಲು, ಒಸರು ಅಳೆಯುವ ತಗಡು ಕಂಡರೆ ಮುಟ್ಟದೆ ಬಿಡಬೇಕು. ಅದು ಒಂದು ಅಂಗುಲ ಓರೆಯಾದರೂ ಮುಂದಿನ ಲೆಕ್ಕವೆಲ್ಲ ತಪ್ಪು. ಕತ್ತಲಾಗುವ ಮೊದಲೇ ಹೊರಡಬೇಕು, ಸೇರ್ವರಾಯನ್ ಕಾಡಿನಲ್ಲಿ ಕಾಟಿಗಳಿವೆ.

ಮೇಷ್ಟ್ರು: ಹಾಗಾದರೆ ಪ್ರವಾಸಕ್ಕೆ ಕರೆದೊಯ್ಯಬಹುದು ಎನ್ನುತ್ತೀರಿ.

ಇಂಜಿನಿಯರ್: ಧಾರಾಳವಾಗಿ ಕರೆದೊಯ್ಯಿರಿ. ಜಲಸಂಪನ್ಮೂಲ ಇಲಾಖೆಯ ಕಚೇರಿಗೆ ಮೊದಲೇ ಪತ್ರ ಕೊಟ್ಟು ಒಪ್ಪಿಗೆ ತೆಗೆದುಕೊಳ್ಳಿ, ಹಿಂದಿನ ದಿನ ಬೆಟ್ಟದ ಮೇಲೆ ಮಳೆಯಾಯಿತೇ ಎಂದು ಕೇಳಿಕೊಳ್ಳಿ. ಕೋಡಿಯ ಕೆಳಗಿನ ಹಳ್ಳದಲ್ಲಿ ಮಕ್ಕಳನ್ನು ಊಟಕ್ಕೆ ಕೂರಿಸಬೇಡಿ. ಸೈರನ್ ಕೇಳಿದರೆ ಚೀಲ, ಚಪ್ಪಲಿ ಬಿಟ್ಟು ದಡದ ಎತ್ತರಕ್ಕೆ ಓಡಬೇಕೆಂದು ಬಸ್ಸಿನಲ್ಲೇ ಹೇಳಿಕೊಡಿ. ಅಣೆಯ ಕಾವಲಿನವರು ಸಿಕ್ಕರೆ ಹೊರಬದಿಯ ಬುಡದಲ್ಲಿ ಅವರ ಜೊತೆ ಮಕ್ಕಳನ್ನು ನಡೆಸಿ, ಏನನ್ನು ನೋಡುತ್ತಾರೆಂದು ಅವರ ಬಾಯಿಂದಲೇ ಕೇಳಿಸಿ. ಎಲ್ಲಾದರೂ ಕದಡಿದ ನೀರು ಜಿನುಗುವುದು ಕಂಡರೆ, ಕಂಡವರು ಮಕ್ಕಳೇ ಆಗಿರಲಿ, ಆ ಕ್ಷಣವೇ ಕಾವಲಿನವರಿಗೆ ತಿಳಿಸಿ.